ಕಡಲಿಗೆ ಬೆನ್ನು ಹಾಕಿ ಕೂತವಳು

ಕರಾವಳಿಗೆ ಹೋದರೆ ಏನೇನು ನೋಡಬೇಕು ಎಂದು ಈಗ ನನ್ನನ್ನು ಕೇಳುವವರಿದ್ದಾರೆ. ಒಂದು ಸಲ ಹೋಗಿ ಬಂದವರೆಲ್ಲ ಈ ವಿಷಯದಲ್ಲಿ ಪಂಡಿತರು ಎಂಬ ನಂಬಿಕೆ ಊಟಿ ಬಳಿಯ ನಮ್ಮ ನಂಜನಾಡಿನಲ್ಲಿದೆ. ನಿಜ ಹೇಳಿದರೆ ಕೇಳಿದವರಿಗೆ ಬೇಸರವಾಗುತ್ತದೆ. ನಾವು ಕಂಡದ್ದರಲ್ಲಿ ಹೆಚ್ಚಿನ ಪಾಲು ಮುಂದಿನ ಕಾರಿನ ಹಿಂಭಾಗ. ಉಳಿದ ಪಾಲು, ಕಾರು ನಿಲ್ಲಿಸಲು ಜಾಗ ಹುಡುಕುತ್ತ ಸುತ್ತಿದ ಓಣಿಗಳು. ಕಡಲು ನಡುನಡುವೆ ಇತ್ತು.

ಅಣ್ಣ ಇದನ್ನು ಒಪ್ಪುವುದಿಲ್ಲ. ಅವನ ಫೋನಿನಲ್ಲಿ ಎಲ್ಲ ಇದೆ: ಸೂರ್ಯಾಸ್ತ, ಅಲೆ, ಮರದ ಹಡಗು ಕಟ್ಟುವ ಜಾಗ, ಐಸ್ ತುರಿದು ಕೊಡುವ ಗಾಡಿ. ಆ ಚಿತ್ರಗಳನ್ನು ಒಂದರ ಹಿಂದೊಂದು ಸರಿಸುತ್ತ ಹೋದರೆ ಬಹಳ ಸುಖವಾದ ಪ್ರವಾಸವೊಂದು ಕಾಣಿಸುತ್ತದೆ. ಆ ಪ್ರವಾಸಕ್ಕೆ ಯಾರು ಹೋಗಿದ್ದರೋ ನನಗೆ ತಿಳಿಯದು.

ಹೋಗಲು ಕಾರಣ ಮೇ ತಿಂಗಳು. ಮೇನಲ್ಲಿ ಊಟಿ ನಮ್ಮದಾಗಿರುವುದಿಲ್ಲ. ನಂಜನಾಡಿನಿಂದ ಪೇಟೆಗೆ ಹೊರಟ ಬಸ್ಸು ಅರ್ಧ ದಾರಿಯಲ್ಲಿ ಎಂಜಿನ್ ಆರಿಸಿ ನಿಂತುಬಿಡುತ್ತದೆ. ನಮ್ಮ ಕ್ಯಾರೆಟ್ ಹೊಲದ ಬದುವಿನ ಮೇಲೆ ಗೊತ್ತಿಲ್ಲದವರು ಹತ್ತಿ ಫೋಟೊ ತೆಗೆಸಿಕೊಂಡು, "ವ್ಯೂ ಪಾಯಿಂಟ್ ಎಲ್ಲಿ?" ಎಂದು ನಮ್ಮನ್ನೇ ಕೇಳುತ್ತಾರೆ. ಆ ವರ್ಷ ಒಬ್ಬ ಹೆಂಗಸು ಅವ್ವನ ಕೈಯಿಂದ ಕಳೆಗುದ್ದಲಿ ಇಸಿದುಕೊಂಡು, ತಾನೇ ಕಳೆ ಕೀಳುವ ಹಾಗೆ ವಿಡಿಯೊ ಮಾಡಿಸಿಕೊಂಡಳು. ಕಳೆಯ ಬದಲು ಕ್ಯಾರೆಟ್ ಕಿತ್ತಳು. ಅಂದು ಸಂಜೆ ಅಣ್ಣ, "ಎಲ್ರೂ ಇಲ್ಲಿಗೆ ಬರೋದಾದ್ರೆ ನಾವು ಅವ್ರೂರಿಗೆ ಹೋಗಾನ" ಎಂದ. ಅವರೂರು ಎಂದರೆ ಕಲ್ಲಿಕೋಟೆ; ಬರುವವರಲ್ಲಿ ಅರ್ಧ ಜನ ಆ ಕಡೆಯವರು.

ಅವ್ವ ಒಪ್ಪುವುದಿಲ್ಲ ಎಂದು ನಾನು ಲೆಕ್ಕ ಹಾಕಿದ್ದೆ. ಮದುವೆಗೆ ಮೈಸೂರಿಗೆ ಕರೆದರೂ ಮೈಸರಿಯಿಲ್ಲ ಎನ್ನುವವಳು ಅವಳು. ಅಂದು ಮಾತ್ರ ಒಲೆಯ ಮುಂದಿನಿಂದಲೇ, "ನಾನೂ ಬತ್ತೀನಿ" ಎಂದಳು. ಪಕ್ಕದಲ್ಲಿ ಕೂತಿದ್ದ ಚಿಕ್ಕವ್ವ, ಅಂದರೆ ಅವಳ ತಂಗಿ, ನಕ್ಕಳು.

"ಯಾಕ್ ಬತ್ತಾಳೆ ಅಂತ ನಂಗೊತ್ತು. ಕಡ್ಲು ನೋಡಕ್ಕಲ್ಲ ಕನ್ರಪ್ಪ. ನನ್ನ ಸುಳ್ಳು ಮಾಡಕ್ಕೆ."

ಇದನ್ನು ಬಿಡಿಸಿ ಹೇಳಬೇಕು, ಆದರೆ ಇಲ್ಲೇ ನನ್ನ ತಾಪತ್ರಯ ಶುರು. ಅವ್ವ ಸಣ್ಣವಳಿದ್ದಾಗ ನನ್ನ ತಾತ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಪಡುವಣ ಹುಲ್ಲುಬೆಟ್ಟದ ಅಂಚಿಗೆ ಹೋಗಿದ್ದನಂತೆ. ಅಲ್ಲಿಂದಾಚೆ ನೆಲ ಕಡಿದುಕೊಂಡು ಮಲಯಾಳದ ಕಡೆಗೆ ಬೀಳುತ್ತದೆ. ತಾತ ಬೆರಳು ತೋರಿಸಿ, ಆಕಾಶದ ಬುಡದಲ್ಲಿ ಎಳೆದ ದಾರದಂಥ ಒಂದು ಬಿಳಿ ಗೆರೆಯನ್ನು, "ಅದೇ ಕಡ್ಲು" ಎಂದನಂತೆ. ಅವ್ವ ಹೇಳುವುದು ಇಷ್ಟು. ತಾತ ಅಲ್ಲಿಗೆ ಯಾಕೆ ಹೋಗಿದ್ದ ಎಂದರೆ ಒಂದು ಸಲ ಕಳೆದುಹೋದ ಎಮ್ಮೆಯನ್ನು ಹುಡುಕಲು, ಇನ್ನೊಂದು ಸಲ ಜೇನಿಗೆ. ಅವ್ವನ ಆಗಿನ ವಯಸ್ಸು ಹೇಳಿದಾಗಲೆಲ್ಲ ಕಡಿಮೆಯಾಗುತ್ತ ಬಂದಿದೆ. ಹೀಗೇ ಬಿಟ್ಟರೆ ಹುಟ್ಟುವ ಮೊದಲೇ ನೋಡಿದ್ದಾಳೆ ಎಂದಾಗುತ್ತದೆ. ದಾರ ಮಾತ್ರ ಬದಲಾಗಿಲ್ಲ.

ಚಿಕ್ಕವ್ವ ಆಗ ತಾತನ ಹೆಗಲ ಮೇಲಿದ್ದಳು. ಅವಳ ಪ್ರಕಾರ ಅದು ಮಂಜು. "ಮಂಜ ತೋರ್ಸಿ ಕಡ್ಲು ಅಂದ ನಮ್ಮಪ್ಪ, ಇವಳು ನಂಬುದ್ಲು." ಹೆಗಲ ಮೇಲಿನ ಕೂಸು ಇದನ್ನೆಲ್ಲ ಹೇಗೆ ನೆನಪಿಟ್ಟುಕೊಂಡಿತು ಎಂದು ನಾನು ಕೇಳಿದರೆ ಮನೆಯಲ್ಲಿ ಜಗಳ. ಹೋಗಿ ನೋಡೋಣ ಎಂದರೆ ಆ ಅಂಚು ಈಗ ಕಾದಿಟ್ಟ ಕಾಡು, ಒಳಗೆ ಬಿಡುವುದಿಲ್ಲ. ಹಾಗಾಗಿ ಅವ್ವ ಬೇರೆ ದಾರಿ ಹುಡುಕಿಕೊಂಡಿದ್ದಳು. ಬೆಟ್ಟದಿಂದ ಕಡಲು ಕಾಣುವುದಾದರೆ ಕಡಲಿನಿಂದ ಬೆಟ್ಟ ಕಾಣಲೇಬೇಕು.

"ನಂಗೆ ನೀನು ಕಾಣ್ತಿದ್ದೀಯ ಅಂದ್ಮೇಲೆ ನಿಂಗೆ ನಾನು ಕಾಣಲ್ವಾ?" ಎಂದು ಅವಳು ಚಿಕ್ಕವ್ವನನ್ನು ಕೇಳಿದಳು.

"ನಾ ಕಣ್ ಮುಚ್ಕೊಂಡಿದ್ರೆ?"

"ಬೆಟ್ಟ ಕಣ್ ಮುಚ್ಕತ್ತದ?"

ಈ ಮಾತಿಗೆ ಉತ್ತರ ಹುಡುಕುತ್ತಲೇ ಚಿಕ್ಕವ್ವನೂ ಹೊರಟಳು; ನಾವು ನಾಲ್ವರೂ ಅಣ್ಣನ ಕಾರಿನಲ್ಲಿ ಗೂಡಲೂರು ದಾಟಿ ನಾಡುಗಾಣಿಯ ತಿರುವುಗಳನ್ನು ಇಳಿದೆವು. ಅವ್ವ ಎಲ್ಲರಿಗೂ ಒಂದೊಂದು ಸ್ವೆಟರ್, ಮಂಕಿ ಕ್ಯಾಪು ತುಂಬಿಕೊಂಡಿದ್ದಳು. ಕಡಲ ಗಾಳಿ ಕೆಟ್ಟದ್ದೆಂದು ಯಾರೋ ಹೇಳಿದ್ದರಂತೆ. ನಿಲಂಬೂರಿಗೆ ಬರುವಷ್ಟರಲ್ಲಿ ನಾವು ಬೆವರಿನಲ್ಲಿ ನೆಂದಿದ್ದೆವು. ಆ ಉಣ್ಣೆಯ ಮೂಟೆ ನನ್ನ ತೊಡೆಯ ಮೇಲೆ ಕಾದ ಬೆಕ್ಕಿನಂತೆ ಕೂತಿತ್ತು.

ಅಂದು ಸಂಜೆ ಕಡಲ ದಂಡೆ. ಇಡೀ ಊರೇ ಪಡುವಣಕ್ಕೆ ಮುಖ ಮಾಡಿ ನಿಂತಿತ್ತು. ಅಣ್ಣ ನಮ್ಮನ್ನೂ ಸಾಲಾಗಿ ನಿಲ್ಲಿಸಿದ. ಸೂರ್ಯ ನೀರಿಗೆ ಇಳಿಯುತ್ತಿದ್ದ. ಚೆನ್ನಾಗಿಯೇ ಇತ್ತು, ನಾನು ಸುಳ್ಳು ಹೇಳುವುದಿಲ್ಲ. ತಿರುಗಿ ನೋಡಿದರೆ ಅವ್ವ ಕಡಲಿಗೆ ಬೆನ್ನು ಹಾಕಿ ಮರಳಿನ ಮೇಲೆ ಕೂತಿದ್ದಳು. ಅವಳ ಎದುರಿಗೆ ರಸ್ತೆ, ರಸ್ತೆಯಾಚೆ ಹೋಟೆಲುಗಳು, ಚಿನ್ನದಂಗಡಿಯ ದೊಡ್ಡ ಜಾಹೀರಾತು, ಅದರ ಹಿಂದೆ ತೆಂಗಿನ ತಲೆಗಳು, ಅದರಾಚೆ ಬಿಳಿ ಝಳ.

"ಅವ್ವ, ಈ ಕಡೆ ತಿರುಗು. ಸೂರ್ಯ ಮುಳುಗ್ತಾವ್ನೆ!" ಅಣ್ಣ ಕೂಗಿದ.

"ಮುಳುಗ್ಲಿ ಬುಡು. ನಮ್ಮೂರಲ್ಲೂ ಮುಳುಗ್ತಾನೆ."

"ಜನ ನೋಡ್ತಾವ್ರೆ."

"ಅವ್ರು ಕಡ್ಲು ನೋಡಕ್ಕೆ ಬಂದಿರೋದು. ನನ್ಯಾಕ್ ನೋಡ್ತಾರೆ?"

ಅಷ್ಟರಲ್ಲಿ ಒಂದು ಅಲೆ ಉಳಿದವುಗಳಿಗಿಂತ ಮುಂದೆ ಬಂದು ಅವಳ ಬೆನ್ನಿಗೆ ಬಡಿದು ಸೀರೆಯನ್ನೆಲ್ಲ ನೆನೆಸಿತು. ಚಿಕ್ಕವ್ವ ಬಿದ್ದು ಬಿದ್ದು ನಕ್ಕಳು. "ಕಡ್ಲೇ ಬಂದು ಕರೀತಾ ಅದ, ಅಕ್ಕ. ವಸಿ ತಿರುಗಿ ನೋಡು." ಅವ್ವ ಎದ್ದು ಸೆರಗು ಹಿಂಡಿ, ನಾಲ್ಕು ಹೆಜ್ಜೆ ರಸ್ತೆಯ ಕಡೆಗೆ ಜರುಗಿ, ಅದೇ ದಿಕ್ಕಿಗೆ ಮುಖ ಮಾಡಿ ಮತ್ತೆ ಕೂತಳು. ಅಣ್ಣನ ಫೋನಿನಲ್ಲಿರುವ ಅವ್ವನ ಚಿತ್ರಗಳಲ್ಲೆಲ್ಲ ಇರುವುದು ಅವಳ ತುರುಬು.

ಆ ಸಂಜೆ ಬೆಟ್ಟ ಕಾಣಲಿಲ್ಲ. ರೂಮಿನಲ್ಲಿ ಚಿಕ್ಕವ್ವ ಗೆದ್ದವಳಂತೆ ಕಾಲು ಚಾಚಿ ಮಲಗಿದಳು. ಅವ್ವ ಒದ್ದೆ ಸೀರೆಯನ್ನು ಕಿಟಕಿಗೆ ಕಟ್ಟಿ, "ನಾಳೆ" ಎಂದಳು. ನನಗೆ ರೇಗಿತು. ಯಾವತ್ತಿನದೋ ಒಂದು ಗೆರೆಗಾಗಿ, ಬೆಳಗಿನಿಂದ ಕಾರಿನಲ್ಲಿ ಕೂತು ಸೊಂಟ ಮುರಿದುಕೊಂಡದ್ದೂ ಅಲ್ಲದೆ, ಕಡಲಿನ ಎದುರಿಗೇ ಕಡಲು ನೋಡದವಳನ್ನು ಏನು ಮಾಡುವುದು? "ಬೆಟ್ಟ ಕಾಣದೆ ಇದ್ರೆ ಏನಾಗ್ತದವ್ವ?" ಎಂದೆ.

"ನಮ್ಮಪ್ಪ ಸುಳ್ಳುಗಾರ ಆಯ್ತಾನೆ" ಎಂದಳು. ಅಷ್ಟೇ ಹೇಳಿ ದೀಪ ಆರಿಸಿದಳು.

ಮರುದಿನ ಅಣ್ಣನ ದಿನ. ಮರದ ಹಡಗು ಕಟ್ಟುವ ಜಾಗಕ್ಕೆ ಹೋಗುವ ದಾರಿ ತಪ್ಪಿತು. ತಪ್ಪಿದ್ದಕ್ಕೆ ಕಾರಣ ನಾವೇ. ನಮ್ಮ ಊರಿನಲ್ಲಿ ದಿಕ್ಕು ಎಂದರೆ ಎರಡೇ, ಮೇಲೆ ಮತ್ತು ಕೆಳಗೆ. ಮೇಲಿನ ಮನೆ, ಕೆಳಗಲ ಹೊಲ, ಮೇಲಿನ ಬಸ್ ಸ್ಟಾಪು. ಕೋತಗಿರಿ ಎಂಬ ಊರಲ್ಲೂ ಒಂದು ಮೇಲಿನದು, ಇನ್ನೊಂದು ಕೀಳು ಕೋತಗಿರಿ. ಎಡ ಬಲ ಎಂದರೆ ನಮ್ಮವರು ಯಾವ ಕೈಯಲ್ಲಿ ಉಣ್ಣುತ್ತೇವೆ ಎಂದು ಯೋಚಿಸಬೇಕಾಗುತ್ತದೆ. ಅಣ್ಣ ಕಾರು ನಿಲ್ಲಿಸಿ, ಮೀನು ಮಾರುವವನನ್ನು ತಮಿಳಿನಲ್ಲಿ, "ಮೇಲೆ ಹೋಗಬೇಕೋ ಕೆಳಗೆ ಹೋಗಬೇಕೋ?" ಎಂದು ಕೇಳಿದ. ಅವನು ಒಮ್ಮೆ ಆಕಾಶ ನೋಡಿ, ಒಮ್ಮೆ ನೆಲ ನೋಡಿ, ನಮ್ಮ ಗಾಡಿಯ ನಂಬರ್ ಪ್ಲೇಟ್ ನೋಡಿ, ಮೀನಿಗೆ ನೀರು ಚಿಮುಕಿಸಿದ. ಅಲ್ಲಿ ಎಲ್ಲ ಚಪ್ಪಟೆ. ಇಳಿಜಾರು ಎಂಬುದೇ ಇಲ್ಲದ ನೆಲದ ಮೇಲೆ ನಾವು ಕಾಲು ತಪ್ಪಿದವರ ಹಾಗೆ ಓಡಾಡುತ್ತಿದ್ದೆವು.

ಮಧ್ಯಾಹ್ನ ಮಳೆ ಬಂತು. ಮುಂಗಾರಿಗೆ ಮೊದಲಿನ ಗುಡುಗು ಮಳೆ. ಕಾರಿನ ಗಾಜಿನ ಮೇಲೆ ಬಕೆಟ್ಟಿನಲ್ಲಿ ಸುರಿದಂತೆ ಸುರಿದು ನಿಂತಿತು. ಆಗ ನಾವು ಕಡಲ ದೀಪಸ್ತಂಭದ, ಅಂದರೆ ಲೈಟ್‌ಹೌಸಿನ, ಗೇಟಿನ ಬಳಿ ಇದ್ದೆವು. ಅಲ್ಲಿ ಸಂಜೆ ಸ್ವಲ್ಪ ಹೊತ್ತು ಮಾತ್ರ ಜನರನ್ನು ಮೇಲೆ ಬಿಡುತ್ತಿದ್ದರು. ಅಣ್ಣ ಕಾರನ್ನು ಒಂದು ಮನೆಯ ಗೇಟಿಗೆ ಅಡ್ಡ ನಿಲ್ಲಿಸಿದ್ದ, ಆ ಮನೆಯವರು ಹೊರಬಂದು ಬೈಯುತ್ತಿದ್ದರು, ಅವನು ಹಿಂದೆ ಮುಂದೆ ತೆಗೆಯುತ್ತಿದ್ದ. ನಾನು ಟಿಕೆಟ್ ಸಾಲಿನಲ್ಲಿ. ಅವ್ವ ನನ್ನ ಹಿಂದೆ ನಿಂತಿದ್ದವಳು ಬೆನ್ನು ತಟ್ಟಿ, "ನಾ ಮೇಲಕ್ಕೆ ಹೋಗಿರ್ತೀನಿ" ಎಂದಳು.

"ಹುಷಾರು, ಮೆಟ್ಲು ಒದ್ದೆ ಇರ್ತದೆ" ಎಂದೆ ನಾನು.

ಅವಳು ಏನೋ ಅಂದಳು. ಏನೆಂದು ಈಗ ನೆನಪಿಲ್ಲ. 'ಮೆಟ್ಲು ಎಲ್ಲದ?' ಎಂದು ಕೇಳಿರಬಹುದು. ಕೇಳಿದ್ದಳು ಎಂದು ಬರೆದರೆ ಕಥೆ ಅಚ್ಚುಕಟ್ಟಾಗುತ್ತದೆ, ಹಾಗಾಗಿ ಬರೆಯುವುದಿಲ್ಲ.

ಟಿಕೆಟ್ ಸಿಕ್ಕಿ ನಾನೂ ಚಿಕ್ಕವ್ವನೂ ಹತ್ತಿದೆವು. ಒಳಗೆ ಸುರುಳಿ ಮೆಟ್ಟಿಲು. ಹತ್ತುವುದು ನಮಗೆ ಹೊಸದಲ್ಲ. ಆದರೆ ಬೆಟ್ಟ ಹತ್ತುವಾಗ ಯಾರೂ ಒಂದೇ ಜಾಗದಲ್ಲಿ ಗಿರಗಿರ ಸುತ್ತುವುದಿಲ್ಲ. "ಗಾಣಕ್ಕೆ ಕಟ್ದಂಗಾಯ್ತು" ಎಂದು ಚಿಕ್ಕವ್ವ ಗೋಡೆ ಹಿಡಿದುಕೊಂಡೇ ಬಂದಳು. ಮೇಲಿನ ಕಟಕಟೆಗೆ ಬಂದು ನೋಡಿದರೆ ಅವ್ವ ಇಲ್ಲ. ಒಂದು ಸುತ್ತು ಬಂದೆವು. ಇಲ್ಲ. ಒಬ್ಬಳು ಮುದುಕಿ ಒದ್ದೆ ಮೆಟ್ಟಿಲಲ್ಲಿ ಎಲ್ಲಿ ಜಾರಿರಬಹುದು ಎಂದೆಲ್ಲ ಮನಸ್ಸು ಓಡಿತು, ಆದರೆ ಮೆಟ್ಟಿಲನ್ನು ಈಗಷ್ಟೇ ಹತ್ತಿ ಬಂದವರು ನಾವೇ.

ಫೋನ್ ಮಾಡಿದೆ. ಅವಳದು ಗುಂಡಿ ಒತ್ತುವ ಹಳೇ ಫೋನು; ಬಹಳ ಹೊತ್ತು ಬಡಿದುಕೊಂಡ ಮೇಲೆ ಎತ್ತಿದಳು.

"ಎಲ್ಲಿದ್ದೀಯವ್ವ?"

"ಮೇಲಿದ್ದೀನಿ."

"ಮೇಲೆ ನಾನಿದ್ದೀನಿ. ನೀನಿಲ್ಲ."

"ನೀ ಎಲ್ಲಿ ಮೇಲಿದ್ದೀಯ? ನಾ ನೋಡ್ತಾನೆ ಇದ್ದೀನಿ, ಇಲ್ಲಿ ನೀನೂ ಇಲ್ಲ, ನಿನ್ ಚಿಕ್ಕವ್ವನೂ ಇಲ್ಲ. ರೈಲು ಹೋಯ್ತಾ ಅದ."

"ರೈಲಾ?"

"ಕೆಳಗೆ ರೈಲು. ನಾ ಸೇತುವೆ ಮೇಲಿದ್ದೀನಿ. ಮೇಲಕ್ಕೆ ಹೋಗಿರ್ತೀನಿ ಅಂತ ಹೇಳ್ಲಿಲ್ವಾ?"

ಆಗ ಅರ್ಥವಾಯಿತು. ಅವ್ವನಿಗೆ ಮೇಲೆ ಎಂದರೆ ನಮ್ಮೂರಿನ ಕಡೆ. ಕಡಲಿರುವುದು ಕೆಳಗೆ, ಕಡಲಿನಿಂದ ಎತ್ತ ನಡೆದರೂ ಅದು ಮೇಲೆ. ಅವಳು ಮಳೆ ನಿಂತ ಕೂಡಲೇ ಬೆಟ್ಟದ ದಿಕ್ಕು ಹಿಡಿದು, ಗೊತ್ತಿಲ್ಲದ ಊರಿನ ಗೊತ್ತಿಲ್ಲದ ರಸ್ತೆಯಲ್ಲಿ, ಒಬ್ಬಳೇ, ರೈಲ್ವೆ ಮೇಲ್ಸೇತುವೆಯವರೆಗೆ ನಡೆದಿದ್ದಳು. ಎತ್ತರದ ಜಾಗ ಅದೊಂದೇ ಸಿಕ್ಕಿತ್ತು.

"ಅವ್ವ, ನಿಂಗೇನಾದ್ರೂ ಬುದ್ಧಿ..." ಎಂದು ನಾನು ಶುರು ಮಾಡಿದೆ. ಬೈಗುಳ ಎಷ್ಟು ಹೊತ್ತು ನಡೆಯಿತೋ. ಆ ಕಡೆ ಲಾರಿಯ ಹಾರ್ನು, ಈ ಕಡೆ ನನ್ನ ಕೂಗು. ನನ್ನ ಮಾತು ಮುಗಿದ ಮೇಲೆ ಅವಳು ಮೆಲ್ಲಗೆ, "ಇಲ್ಲೇನೂ ಕಾಣಲ್ಲ ಕನವ್ವ. ಬರೀ ತೆಂಗು" ಎಂದಳು.

ಅಲ್ಲಿಯವರೆಗೂ ಅವ್ವನನ್ನು ಹುಡುಕುತ್ತ ಕಟಕಟೆಯನ್ನೂ ನೆಲವನ್ನೂ ನೋಡಿದ್ದೆವೇ ಹೊರತು ದೂರ ನೋಡಿರಲಿಲ್ಲ. ಸೇತುವೆ ಯಾವ ಕಡೆ ಎಂದು ನೋಡಲು ತಿರುಗಿದೆ. ಮಳೆ ಝಳವನ್ನೆಲ್ಲ ತೊಳೆದಿತ್ತು. ಪಡುವಣದ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬೀಳುತ್ತಿತ್ತು. ತೆಂಗಿನ ಹಸಿರಿನ ಮೇಲೆ, ಎಲ್ಲಕ್ಕಿಂತ ಆಚೆ, ನೀಲಿಯ ಸಾಲು. ಒಂದರ ಹಿಂದೆ ಒಂದು. ಮುಂದಿನದು ಕಡುನೀಲಿ, ಅದರ ಹಿಂದಿನದು ತೆಳು, ಅದರ ಹಿಂದೆ ಇದೆಯೋ ಇಲ್ಲವೋ ಎಂಬಂಥ ಇನ್ನೊಂದು.

ಚಿಕ್ಕವ್ವ ಮೊದಲೇ ನೋಡಿದ್ದಳು. ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅವಳು ಬಾಯಿ ಮುಚ್ಚಿಕೊಂಡದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಆಮೇಲೆ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಅಕ್ಕ, ಆಟೋ ಹತ್ಕೊಂಡು ಬಾ. ಈಗ್ಲೇ."

"ಯಾಕೆ?"

"ಬಾ ಅಂದ್ರೆ ಬಾ. ಎಲ್ಲದ್ಕೂ ಯಾಕೆ ಅಂತಾಳೆ. ದೀಪದ ಕಂಬಕ್ಕೆ ಬಾ. ಕೆಳಗೆ. ಅಂದ್ರೆ ನಿನ್ ಕೆಳಗೆ."

ಅಷ್ಟರಲ್ಲಿ ಕಾವಲುಗಾರ ಸೀಟಿ ಊದಿದ. ಹೊತ್ತಾಯಿತು, ಇಳಿಯಿರಿ. ಉಳಿದವರೆಲ್ಲ ಇಳಿದರು. ನಾನು ತಮಿಳಿನಲ್ಲಿ, ನಮ್ಮ ತಾಯಿ ಬರುತ್ತಿದ್ದಾರೆ, ಸ್ವಲ್ಪ ತಾಳಿ ಎಂದೆ. ನೀವು ಎಲ್ಲಿಯವರು ಎಂದು ಕೇಳಿದ. ಊಟಿ ಎಂದೆ.

"ಊಟಿಯಲ್ಲಿ ಇಲ್ಲದ್ದು ಇಲ್ಲಿ ಏನು ನೋಡಬೇಕು ನಿಮಗೆ? ನಾವೇ ರಜಾ ಹಾಕಿ ಅಲ್ಲಿಗೆ ಬರ್ತೀವಿ" ಎಂದ, ತಮಿಳಿನಲ್ಲೇ.

"ಊಟಿಯನ್ನೇ ನೋಡಬೇಕು" ಎಂದೆ.

ತನ್ನನ್ನು ಗೇಲಿ ಮಾಡುತ್ತಿದ್ದೇನೆಂದು ಅವನಿಗೆ ಸಿಟ್ಟು ಬಂತು. ಮತ್ತೊಮ್ಮೆ ಸೀಟಿ. ಚಿಕ್ಕವ್ವ ಅದಕ್ಕೆಲ್ಲ ಕಿವಿಗೊಡದೆ ಮೆಟ್ಟಿಲ ಬಾಯಿಯಲ್ಲಿ ಅಡ್ಡ ಕೂತುಬಿಟ್ಟಳು. "ಮಂಡಿ ಹಿಡ್ಕಂಡದ ಕನಪ್ಪ" ಎಂದು ಕನ್ನಡದಲ್ಲಿ ಹೇಳಿ ಮಂಡಿ ತಟ್ಟಿಕೊಂಡಳು. ಮಂಡಿಗೆ ಏನೂ ಆಗಿರಲಿಲ್ಲ. ಕಾವಲುಗಾರ ಹಣೆ ಚಚ್ಚಿಕೊಂಡು ಕೆಳಗಿಳಿದು ಹೋದ.

ಕಾದೆವು. ಕಡಲಿನ ಮೇಲಿಂದ ಇನ್ನೊಂದು ಮೋಡ ಬರುತ್ತಿತ್ತು. ನಾನು ಬೆಟ್ಟದ ಫೋಟೊ ತೆಗೆಯಲು ಹೋದೆ. ಪರದೆಯಲ್ಲಿ ತೆಂಗು ಬಂತು, ಬೆಟ್ಟ ಬರಲಿಲ್ಲ. ಹಾಗಾಗಿ ಇದಕ್ಕೆ ಸಾಕ್ಷಿ ನಾವು ಮೂವರೇ, ಮೂವರ ಮಾತೂ ಬೇರೆ ಬೇರೆ. ಕಾಯುತ್ತ ಕೂತಾಗ ಚಿಕ್ಕವ್ವ, ಕೇಳದೆಯೇ, ನನ್ನ ಮುಖ ನೋಡದೆ ಹೇಳಿದಳು: "ಅವತ್ತು ನಾನು ನಿದ್ದೆ ಹೋಗಿದ್ದೆ. ಅಪ್ಪನ ಕತ್ತಿನ ಮೇಲೆ. ಎಬ್ಬಿಸ್ಬೋದಿತ್ತು. ಅವಳಿಗೆ ತೋರಿಸ್ದ, ನನ್ನ ಎಬ್ಬಿಸ್ಲಿಲ್ಲ."

"ಮತ್ತೆ ಮಂಜು ಅಂತಿದ್ದೆ?"

"ಮಂಜೇ ಇರ್ಬೇಕು ಅಂತ" ಎಂದಳು ಸಿಡುಕಿನಿಂದ. "ಕಡ್ಲಾಗಿದ್ರೆ ಎಬ್ಬಿಸ್ದೆ ಇರ್ತಿದ್ನಾ?"

ಅವ್ವ ಬಂದಳು. ಕೆಳಗೆ ಕಾವಲುಗಾರನ ಮಾತು, ಅಣ್ಣನ ಮಾತು, ಆಟೋದವನ ಮಾತು ಎಲ್ಲ ಒಟ್ಟಿಗೆ ಕೇಳಿಸಿ, ಆಮೇಲೆ ಮೆಟ್ಟಿಲಲ್ಲಿ ಅವಳ ಚಪ್ಪಲಿ ಸದ್ದು ಸುತ್ತುತ್ತ ಸುತ್ತುತ್ತ ಮೇಲೆ ಬಂತು. ಉಸಿರು ಕಟ್ಟಿತ್ತು. ಚಿಕ್ಕವ್ವ ಎದ್ದು ದಾರಿ ಬಿಟ್ಟಳು. ನಾನು ಅವ್ವನನ್ನು ಕಟಕಟೆಗೆ ಕರೆತಂದೆ. ಅವಳು ಕಬ್ಬಿಣದ ಸರಳು ಹಿಡಿದು ನೋಡಿದಳು.

ಎಷ್ಟು ಹೊತ್ತು ನೋಡಿದಳು ಎಂದರೆ ನನಗೇ ಭಯವಾಯಿತು.

"ಕಾಣ್ತಾ?" ಚಿಕ್ಕವ್ವ ಕೇಳಿದಳು.

"ಕಾಣ್ತು."

"ನಮ್ದೇನಾ?"

"ಗೊತ್ತಿಲ್ಲ ಕನೆ."

"ಗೊತ್ತಿಲ್ವಾ!" ಚಿಕ್ಕವ್ವ ಕೂಗಿದಳು. "ನಾ ಇಲ್ಲಿ ಮಂಡಿ ನೋವು ಅಂತ ನಾಟ್ಕ ಮಾಡ್ಕೊಂಡು ಕೂತಿವ್ನಿ, ಗೊತ್ತಿಲ್ಲ ಅಂತಾಳೆ!"

"ಹೆಂಗ್ ಗೊತ್ತಾಗ್ತದೆ? ನಾ ಅದ್ನ ಹೊರಗಿಂದ ನೋಡಿದ್ದು ಯಾವಾಗ?"

ಅದು ಸರಿಯಾಗಿಯೇ ಇತ್ತು. ನಮ್ಮಲ್ಲಿ ಯಾರೂ ನಮ್ಮ ಬೆಟ್ಟವನ್ನು ನೋಡಿಲ್ಲ. ಅದರ ಮೇಲೆ ಇದ್ದೇವೆ, ಅಷ್ಟೆ. ದೊಡ್ಡಬೆಟ್ಟವನ್ನು ದಿನಾ ನೋಡುತ್ತೇವೆ, ಆದರೆ ಅದು ಒಳಗಿನದು, ಮನೆಯೊಳಗಿನ ಗೋಡೆಯಂತೆ. ಈ ಕಡೆಯಿಂದ ಕಾಣುವ ಹೊರಗೋಡೆ ನಮಗೆ ಪರಿಚಯವೇ ಇಲ್ಲ. ಬರುವಾಗ ಅದನ್ನು ಇಳಿದೇ ಬಂದಿದ್ದೆವು, ತಿರುಗಿ ನೋಡಿರಲಿಲ್ಲ. ಕಾರಿನ ಹಿಂದಿನ ಗಾಜಿಗೆ ಸ್ವೆಟರ್ ಮೂಟೆ ಅಡ್ಡ ಇತ್ತೋ ಏನೋ.

"ಆ ಕೊನೇದು" ಎಂದು ಚಿಕ್ಕವ್ವ ಬೆರಳು ಚಾಚಿದಳು. "ಮುಂದಿರೋವು ಚೂಪಗವೆ, ಅವು ವಯನಾಡಿನವು. ಹಿಂದೆ ಚಪ್ಪಟೆಗೆ ಒಂದು ಅದ ನೋಡು, ಗೋಡೆ ಕಟ್ದಂಗೆ. ನಮ್ದೇ ಅದು."

"ಅದಾ?"

"ಅದೇ."

"ಅಷ್ಟು ಸಣ್ಣದಾ?" ಅವ್ವನ ಧ್ವನಿಯಲ್ಲಿ ನಿಜವಾದ ನಿರಾಶೆ ಇತ್ತು. "ದಾರದಂಗೆ ಅದ."

ಹೇಳಿದ ಮೇಲೆ ಸರಳು ಬಿಟ್ಟು ತಂಗಿಯ ಕಡೆ ತಿರುಗಿದಳು. ನಾನು ಬೇಡವೆಂದರೂ ಆ ಮಾತು ಕಟಕಟೆಯ ಮೇಲೆ ಹಾಗೆಯೇ ನಿಂತಿತು. ಇಲ್ಲಿಂದ ಅದು ದಾರವಾದರೆ ಅಲ್ಲಿಂದ ಇದೂ ದಾರವೇ ಇರಬೇಕು. ಭೂಗೋಳ ಬಲ್ಲವರು ಇದನ್ನು ಒಪ್ಪುತ್ತಾರೋ ಇಲ್ಲವೋ ನಾನು ಕೇಳಲು ಹೋಗಿಲ್ಲ. ಅವ್ವ ಒಪ್ಪಿದಳು. ತಲೆಯಾಡಿಸಿ, "ಸರಿಯಾಯ್ತು" ಎಂದಳು, ತೂಕ ಸರಿಬಂದಾಗ ಹೇಳುವ ಹಾಗೆ.

"ನಂಗೂ ಕಾಣ್ತು" ಎಂದಳು ಚಿಕ್ಕವ್ವ. ಅದನ್ನು ಯಾರೂ ಅಲ್ಲಗಳೆದಿರಲಿಲ್ಲ, ಆದರೂ ಜೋರಾಗಿಯೇ ಹೇಳಿದಳು.

"ಕಾಣ್ಲಿ ಅಂತ್ಲೆ ಅಲ್ವಾ ನಿನ್ನ ಕರ್ಕೊಂಬಂದಿದ್ದು."

"ನೀನ್ಯಾಕೆ ಕರ್ಕೊಂಬರ್ತೀಯ? ಅವ್ನು ಕರ್ಕೊಂಬಂದ, ನಿನ್ ಮಗ."

ಮೋಡ ತಲೆಯ ಮೇಲೆ ಬಂತು. ಕೆಳಗಿನಿಂದ ಅಣ್ಣ ಫೋನ್ ಮಾಡಿ, ಬೇಗ ಇಳೀರಿ, ಕಾರಿಗೆ ಇನ್ನೊಬ್ಬರು ಅಡ್ಡ ನಿಲ್ಲಿಸಿದ್ದಾರೆ, ಸೂರ್ಯಾಸ್ತಕ್ಕೆ ಬೇರೆ ದಂಡೆಗೆ ಹೋಗಬೇಕು, ನಾಳೆ ಬೆಳಿಗ್ಗೆ ದೋಣಿಗೆ ಹೇಳಿದ್ದೇನೆ ಎಂದ. ನಾನು ಅದನ್ನು ಅವ್ವನಿಗೆ ತಿಳಿಸಿದೆ.

"ಇನ್ನೇನದ ನೋಡಕ್ಕೆ?" ಎಂದಳು ಅವ್ವ, ಮೆಟ್ಟಿಲಿಗೆ ಕಾಲಿಡುತ್ತ. "ನೀವು ದೋಣಿ ನೋಡ್ಕೊಂಡು ಬನ್ನಿ. ನಾ ನಾಳೆ ಗೂಡಲೂರು ಬಸ್ಸಿಗೆ ಹೋಯ್ತೀನಿ. ಕಳೆ ಎದ್ದಿರ್ತದ."

"ನಾನೂ ಬತ್ತೀನಿ ಇರು" ಎಂದು ಚಿಕ್ಕವ್ವ ಅವಳ ಹಿಂದೆಯೇ ಇಳಿದಳು.

ಮರುದಿನ ನಮ್ಮವರಲ್ಲಿ ನಾನೂ ಅಣ್ಣನೂ ಇಬ್ಬರೇ, ಗೊತ್ತಿಲ್ಲದವರ ಜೊತೆ ಆರು ಜನರ ದೋಣಿಯಲ್ಲಿ, ಯಾರದೋ ಮಗು ವಾಂತಿ ಮಾಡುತ್ತಿದ್ದಾಗ, ಕಡಲನ್ನು ಚೆನ್ನಾಗಿ ನೋಡಿದೆವು.